ವಿಪಿಎನ್ ಇಲ್ಲದ ಕಚೇರಿಯ ಬಾಗಿಲು ತೆರೆಯದಿದ್ದಾಗ: ದೋಷ ಹುಡುಕುವ ಕ್ರಮ

ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬರುತ್ತದೆ: "ಸರ್, ಸಿಸ್ಟಮ್ ಓಪನ್ ಆಗುತ್ತಿಲ್ಲ." ಕಚೇರಿಯ ಅಪ್ಲಿಕೇಶನ್‌ಗಳನ್ನು ವಿಪಿಎನ್ (ಹೊರಗಿನವರನ್ನು ಕಚೇರಿಯ ಇಡೀ ಜಾಲಕ್ಕೆ ಸೇರಿಸುವ ಸಂಪರ್ಕ) ಇಲ್ಲದೆ ಮನೆಯಿಂದಲೇ ಬ್ರೌಸರ್‌ನಲ್ಲಿ ತೆರೆಯುವ ವ್ಯವಸ್ಥೆಯ ಮಾತು ಇದು. ಈ ಒಂದು ದೂರಿನ ಹಿಂದೆ ಹತ್ತು ಬಗೆಯ ದೋಷಗಳಿರಬಹುದು. ಫೋನ್ ಮಾಡಿದವರ ಮನೆಯ ವೈಫೈ ಕೈಕೊಟ್ಟಿರಬಹುದು, ಕಚೇರಿಯ ಸರ್ವರ್ ಆಫ್ ಆಗಿರಬಹುದು, ಅಥವಾ ಒಳಬಿಡುವ ಮೊದಲು ಗುರುತು ಕೇಳುವ ಬಾಗಿಲ ಕಾವಲು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರಬಹುದು. ಗಾಬರಿಯಲ್ಲಿ ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸಿದರೆ ಇದ್ದ ಒಂದು ದೋಷಕ್ಕೆ ಇನ್ನೆರಡು ಸೇರಿಕೊಳ್ಳುತ್ತವೆ. ಅದಕ್ಕೇ ಈ ಬರಹವನ್ನು ಜನರ ಕಣ್ಣಿಗೆ ಬೀಳುವ ಲಕ್ಷಣಗಳಿಂದ ಆರಂಭಿಸಿದ್ದೇನೆ.

ಸಣ್ಣ ಕಚೇರಿಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಟನಲ್ (ಕಚೇರಿಯಿಂದ ಹೊರಕ್ಕೆ ಹಿಡಿದ ಸಂಪರ್ಕ) ಮತ್ತು ಆಕ್ಸೆಸ್ (ಬಾಗಿಲಲ್ಲಿ ಗುರುತು ಕೇಳುವ ಕಾವಲು) ಜೋಡಿಯನ್ನು. ಐವತ್ತು ಬಳಕೆದಾರರವರೆಗೆ ಅದು ಉಚಿತ. ಇಲ್ಲಿನ ಉದಾಹರಣೆಗಳೆಲ್ಲ ಅದರವೇ. ಬೇರೆ ಕಂಪನಿಯ ವ್ಯವಸ್ಥೆಯಲ್ಲಿ ಹೆಸರು, ಸಂಖ್ಯೆಗಳು ಬದಲಾದರೂ ಹುಡುಕುವ ದಾರಿ ಇದೇ.

ವ್ಯವಸ್ಥೆ ಹೇಗಿರುತ್ತದೆ ಎಂಬುದು ಮನಸ್ಸಿನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ವಿಪಿಎನ್ ಹಳೆಯ ತೊಟ್ಟಿಮನೆಯ ಹೆಬ್ಬಾಗಿಲಿನಂತೆ: ಅದನ್ನು ದಾಟಿದವನು ಪಡಸಾಲೆ, ಅಡುಗೆಮನೆ, ಕಣಜ ಎಲ್ಲೆಡೆ ಓಡಾಡಬಹುದು. ಹೊಸ ಪದ್ಧತಿಯಲ್ಲಿ ಒಂದೊಂದು ಕೋಣೆಗೂ ಒಬ್ಬೊಬ್ಬ ಕಾವಲುಗಾರ, ಪ್ರತಿ ಸಲವೂ "ನೀವು ಯಾರು?" ಎಂಬ ಪ್ರಶ್ನೆ. 2009ರ ಕೊನೆಯಲ್ಲಿ ನಡೆದ ದೊಡ್ಡ ಸೈಬರ್ ದಾಳಿಯ ನಂತರ ಗೂಗಲ್ ತನ್ನ ನೌಕರರಿಗಾಗಿ ಇಂಥ ಪದ್ಧತಿಯನ್ನು ಕಟ್ಟಿ ಬಿಯಾಂಡ್‌ಕಾರ್ಪ್ ಎಂದು ಕರೆಯಿತು, 2014ರಲ್ಲಿ ಅದರ ವಿವರಗಳನ್ನು ಪ್ರಕಟಿಸಿತು. ಈಗ ಅದೇ ವಿಚಾರ ಹದಿನೈದು ಜನರ ಕಚೇರಿಗೂ ಬಂದಿದೆ.

ಕೊಂಡಿಗಳು ಐದು. ಬಳಕೆದಾರರ ಬ್ರೌಸರ್, ಇಂಟರ್ನೆಟ್‌ನ ಅಂಚಿನಲ್ಲಿ ನಿಂತ ಕಾವಲು, ಗುರುತನ್ನು ಖಚಿತಪಡಿಸುವ ಸೇವೆ, ಅಂದರೆ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆ ಇಲ್ಲವೇ ಇಮೇಲ್‌ಗೆ ಬರುವ ಕೋಡ್, ಕಚೇರಿಯೊಳಗಿನಿಂದ ಹೊರಕ್ಕೆ ಸಂಪರ್ಕ ಹಿಡಿದಿರುವ ಟನಲ್, ಕೊನೆಗೆ ಅಪ್ಲಿಕೇಶನ್. ದೋಷದ ಪುಟವನ್ನು ತೋರಿಸುತ್ತಿರುವುದು ಈ ಐದರಲ್ಲಿ ಯಾವುದು? ಇದು ತಿಳಿಯುವವರೆಗೆ ಏನನ್ನೂ ಮುಟ್ಟಬೇಡಿ ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು.

## ಏನನ್ನೂ ಮುಟ್ಟುವ ಮೊದಲು

ಫೋನ್‌ನಲ್ಲೇ ಮೂರು ಪ್ರಶ್ನೆ ಕೇಳಿ. ತೊಂದರೆ ನಿಮಗೊಬ್ಬರಿಗೋ, ಎಲ್ಲರಿಗೋ? ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಈಗ ಏನು ಬರೆದಿದೆ? ಪರದೆಯ ಚಿತ್ರ ಕಳುಹಿಸಬಲ್ಲಿರಾ?

ಒಬ್ಬರಿಗೆ ಮಾತ್ರ ತೊಂದರೆಯಾಗಿದ್ದರೆ ದೋಷ ಬಹುತೇಕ ಬ್ರೌಸರ್‌ನಲ್ಲಿ ಅಥವಾ ಅವರ ಖಾತೆಯಲ್ಲಿದೆ. ಎಲ್ಲರಿಗೂ ಆಗಿದ್ದರೆ ಟನಲ್ ಅಥವಾ ಅಪ್ಲಿಕೇಶನ್. ವಿಳಾಸಪಟ್ಟಿಯಲ್ಲಿ ನಿಮ್ಮ ಅಪ್ಲಿಕೇಶನ್‌ನ ಹೆಸರಿನ ಬದಲು ಕ್ಲೌಡ್‌ಫ್ಲೇರ್ ಆಕ್ಸೆಸ್‌ನ ವಿಳಾಸ ನಿಂತಿದ್ದರೆ ಕಾವಲಿನ ಹಂತ, ಗೂಗಲ್‌ನದ್ದು ನಿಂತಿದ್ದರೆ ಗುರುತಿನ ಹಂತ. ನಂತರ ಖಾಸಗಿ ಕಿಟಕಿಯಲ್ಲಿ, ಅಂದರೆ ಇನ್‌ಕಾಗ್ನಿಟೋದಲ್ಲಿ ತೆರೆಯಲು ಹೇಳಿ. ಅಲ್ಲಿ ತೆರೆದುಕೊಂಡರೆ ಹಳೆಯ ಕುಕಿಯೋ (ಜಾಲತಾಣ ಬ್ರೌಸರ್‌ನಲ್ಲಿ ಬಿಟ್ಟುಹೋಗುವ ಗುರುತಿನ ಚೀಟಿ) ಬ್ರೌಸರ್‌ಗೆ ಹಾಕಿಕೊಂಡ ಯಾವುದೋ ಎಕ್ಸ್‌ಟೆನ್ಷನ್ನೋ ಕಾರಣ. ಆ ಒಂದು ಜಾಲತಾಣದ ಕುಕಿಗಳನ್ನು ಮಾತ್ರ ಅಳಿಸಿದರೆ ಸಾಕು, ಇಡೀ ಬ್ರೌಸರ್ ಒರೆಸುವುದು ಬೇಡ.

## ಲಕ್ಷಣ: ವಿಳಾಸವೇ ಸಿಗುತ್ತಿಲ್ಲ ಎನ್ನುತ್ತದೆ

ಲಾಗಿನ್ ಪುಟವೂ ಬರುವುದಿಲ್ಲ, ಸರ್ವರ್ ಸಿಗಲಿಲ್ಲ ಎಂದು ಬ್ರೌಸರ್ ತಾನೇ ಹೇಳುತ್ತದೆ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿಸಿ. ಡೇಟಾದಲ್ಲಿ ತೆರೆದರೆ, ಆ ಜಾಲತಾಣ ಎಲ್ಲಿದೆ ಎಂಬುದರ ಹಳೆಯ ಉತ್ತರವನ್ನೇ ಮನೆಯ ರೌಟರ್ ಇಟ್ಟುಕೊಂಡಿದೆ. ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮುಗಿಯಿತು. ಎರಡರಲ್ಲೂ ತೆರೆಯದಿದ್ದರೆ ಅಕ್ಷರ ಸರಿಯಿದೆಯೇ ನೋಡಿ, ಆಮೇಲೆ ಡಿಎನ್‌ಎಸ್ ಪಟ್ಟಿಯಲ್ಲಿ (ಯಾವ ಹೆಸರು ಎಲ್ಲಿಗೆ ಹೋಗಬೇಕು ಎಂದು ಹೇಳುವ ಪಟ್ಟಿ) ಆ ಹೆಸರಿನ ದಾಖಲೆ ಟನಲ್‌ನತ್ತ ಇನ್ನೂ ಬೆರಳು ಮಾಡುತ್ತಿದೆಯೇ ನೋಡಿ. ಹಳೆಯ ಟನಲ್ ಅಳಿಸಿ ಹೊಸದು ಮಾಡಿದಾಗ ದಾಖಲೆ ಹಳೆಯದರತ್ತಲೇ ಉಳಿದುಬಿಡುವುದುಂಟು. ಆಗ ಹೆಸರು ಸಿಗುತ್ತದೆ, ಆದರೆ 1033 ಎಂಬ ದೋಷ ಬರುತ್ತದೆ (ಅದರ ವಿವರ ಮುಂದಿದೆ). ಡೊಮೈನ್‌ನ, ಅಂದರೆ ಜಾಲತಾಣದ ಹೆಸರಿನ, ವಾರ್ಷಿಕ ಹಣ ಕಟ್ಟಿದ್ದೀರೋ ಇಲ್ಲವೋ ಎಂಬುದನ್ನೂ ನೋಡಿ.

## ಲಕ್ಷಣ: ಕೋಡ್ ಬರುತ್ತಿಲ್ಲ, ಅಥವಾ ಬಂದ ಕೋಡ್ ನಡೆಯುತ್ತಿಲ್ಲ

ಇಮೇಲ್ ಕೋಡ್ ಬಳಸುವ ಕಚೇರಿಗಳಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೂರು ಇದು. ಪುಟದಲ್ಲಿ "ಕೋಡ್ ಕಳುಹಿಸಲಾಗಿದೆ" ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಇವರು ಅಂಚೆಪೆಟ್ಟಿಗೆ ನೋಡುತ್ತಾರೆ, ಸ್ಪ್ಯಾಮ್ ನೋಡುತ್ತಾರೆ, ಮತ್ತೆ ಮತ್ತೆ ಒತ್ತುತ್ತಾರೆ.

ಆ ವಾಕ್ಯವನ್ನು ನಂಬಬೇಡಿ. ಅನುಮತಿಯ ಪಟ್ಟಿಯಲ್ಲಿ ಇಲ್ಲದ ಇಮೇಲ್ ಕೊಟ್ಟರೂ ಪುಟ ಅದೇ ಮಾತನ್ನು ಹೇಳುತ್ತದೆ, ಆದರೆ ಕೋಡ್ ಕಳುಹಿಸುವುದಿಲ್ಲ. ಯಾರ ಇಮೇಲ್ ಪಟ್ಟಿಯಲ್ಲಿದೆ ಎಂದು ಹೊರಗಿನವರು ಊಹಿಸಬಾರದು ಎಂಬ ಕಾರಣಕ್ಕೆ ಬೇಕೆಂದೇ ಹಾಗೆ ಮಾಡಿದ್ದಾರೆ. ಆದ್ದರಿಂದ ಮೊದಲ ಪ್ರಶ್ನೆ: ಯಾವ ಇಮೇಲ್ ಕೊಟ್ಟಿರಿ? ಹತ್ತರಲ್ಲಿ ಏಳು ಸಲ ಉತ್ತರ, ಕಚೇರಿಯದ್ದರ ಬದಲು ಸ್ವಂತದ್ದು. ವಿಳಾಸ ಸರಿಯಿದ್ದರೆ ಸ್ಪ್ಯಾಮ್ ಪೆಟ್ಟಿಗೆ ನೋಡಿ. ಕೋಡ್‌ನ ಆಯುಸ್ಸು ಹತ್ತು ನಿಮಿಷ. ಕಚೇರಿಯ ಮೇಲ್ ಸರ್ವರ್ ಹೊರಗಿನ ಅಂಚೆಯನ್ನು ತಡೆಹಿಡಿದು ಪರೀಕ್ಷಿಸುವುದಾದರೆ, ಕೋಡ್ ಸತ್ತ ಮೇಲೆ ತಲುಪುತ್ತದೆ.

ಮೊಬೈಲ್‌ನ ಅಥೆಂಟಿಕೇಟರ್ ಆ್ಯಪ್‌ನ ಕೋಡ್ "ತಪ್ಪು" ಎಂದು ಬರುತ್ತಿದ್ದರೆ ಫೋನ್‌ನ ಸಮಯ ನೋಡಿ. ಆ ಸಂಖ್ಯೆ ಗಡಿಯಾರದಿಂದಲೇ ಹುಟ್ಟುತ್ತದೆ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಸಮಯವನ್ನು ಕೈಯಿಂದ ಎರಡು ನಿಮಿಷ ಮುಂದಿಟ್ಟುಕೊಳ್ಳುವ ಅಭ್ಯಾಸ ಹಲವರಿಗಿದೆ. ಅದನ್ನು ಸ್ವಯಂಚಾಲಿತಕ್ಕೆ ತಂದರೆ ದೋಷ ಹೋಗುತ್ತದೆ.

ಎಷ್ಟೇ ಅವಸರವಿದ್ದರೂ ಕೋಡ್ ಅನ್ನು ಫೋನ್‌ನಲ್ಲಿ ಕೇಳಿ ಹಾಕಿಕೊಡಬೇಡಿ. ಕೋಡ್ ಹೇಳಿಕೊಡುವುದು ಸಹಜ ಎಂದು ನಾವೇ ರೂಢಿ ಮಾಡಿಸಿದರೆ, ನಾಳೆ ವಂಚಕ ಕೇಳಿದಾಗಲೂ ಅವರು ಹೇಳುತ್ತಾರೆ.

## ಲಕ್ಷಣ: ಲಾಗಿನ್ ಆಯಿತು, ಆದರೆ ಪ್ರವೇಶವಿಲ್ಲ ಎಂದಿತು

ಇದು ಒಳ್ಳೆಯ ಲಕ್ಷಣ. ಗುರುತು ಸಿಕ್ಕಿದೆ, ನಿಯಮ ಒಪ್ಪಿಲ್ಲ. ಆಕ್ಸೆಸ್‌ನ ಲಾಗ್‌ನಲ್ಲಿ, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ದಾಖಲೆಯಲ್ಲಿ, ಆ ಪ್ರಯತ್ನ ಯಾವ ಇಮೇಲ್‌ನಿಂದ ಬಂತು, ಯಾವ ದೇಶದಿಂದ ಬಂತು ಎಂಬುದೆಲ್ಲ ಇರುತ್ತದೆ. ಅದನ್ನು ತೆರೆದಿಟ್ಟುಕೊಂಡು ನಿಯಮವನ್ನು ಓದಿ.

ನಿಯಮ ಬರೆಯುವಲ್ಲಿ ಮೂರು ಬಗೆಯ ಸಾಲುಗಳಿವೆ: ಇನ್‌ಕ್ಲೂಡ್, ರಿಕ್ವೈರ್, ಎಕ್ಸ್‌ಕ್ಲೂಡ್. ಇನ್‌ಕ್ಲೂಡ್‌ನಲ್ಲಿ ಹತ್ತು ಸಾಲು ಬರೆದರೆ ಯಾವುದಾದರೂ ಒಂದು ಹೊಂದಿದರೆ ಸಾಕು. ರಿಕ್ವೈರ್‌ನಲ್ಲಿ ಬರೆದದ್ದು ಎಲ್ಲವೂ ಹೊಂದಬೇಕು. ಲೆಕ್ಕಿಗರ ಇಮೇಲ್ ಒಂದು, ಮಾಲೀಕರದ್ದು ಇನ್ನೊಂದು ಎಂದು ಎರಡನ್ನೂ ರಿಕ್ವೈರ್‌ನಲ್ಲಿ ಹಾಕಿದವರನ್ನು ನೋಡಿದ್ದೇನೆ. ಒಬ್ಬ ಮನುಷ್ಯ ಏಕಕಾಲಕ್ಕೆ ಇಬ್ಬರಾಗಲಾರನಲ್ಲ, ಆದ್ದರಿಂದ ಯಾರಿಗೂ ಬಾಗಿಲು ತೆರೆಯಲಿಲ್ಲ. ಜನರ ಪಟ್ಟಿ ಇನ್‌ಕ್ಲೂಡ್‌ನಲ್ಲಿರಲಿ. ಎಲ್ಲರಿಗೂ ಅನ್ವಯಿಸುವ ಷರತ್ತು ಮಾತ್ರ ರಿಕ್ವೈರ್‌ನಲ್ಲಿರಲಿ.

ಇನ್ನೊಂದು ಕಾರಣ ಐಪಿ ವಿಳಾಸದ, ಅಂದರೆ ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆಯ, ಷರತ್ತು. ನಮ್ಮಲ್ಲಿ ಮೊಬೈಲ್ ಜಾಲಗಳೂ ಅನೇಕ ಬ್ರಾಡ್‌ಬ್ಯಾಂಡ್ ಕಂಪನಿಗಳೂ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ, ಅದು ಆಗಾಗ ಬದಲಾಗುತ್ತದೆ. ಸಾಗರ ಪಟ್ಟಣದಲ್ಲಿ ಕುಳಿತು ಕೆಲಸ ಮಾಡುವವರ ವಿಳಾಸವನ್ನು ಇಂದು ಬರೆದಿಟ್ಟುಕೊಂಡರೆ ನಾಳೆ ಅದು ಅವರದ್ದಾಗಿರುವುದಿಲ್ಲ, ಬೇರೆ ಯಾರದ್ದೋ ಆಗಿರಬಹುದು. ಮನೆಯಿಂದ ಕೆಲಸ ಮಾಡುವವರಿಗೆ ಐಪಿ ನಿಯಮ ಬೇಡ.

ಇಲ್ಲೇ ಒಂದು ಕಟ್ಟುನಿಟ್ಟಿನ ಎಚ್ಚರಿಕೆ. ಪರೀಕ್ಷೆಗೆಂದು ನಿಯಮವನ್ನು "ಎಲ್ಲರಿಗೂ" ಎಂದೋ "ಬೈಪಾಸ್" (ಗುರುತು ಕೇಳದೆ ಬಿಡು) ಎಂದೋ ಬದಲಿಸಬೇಡಿ. ಬೈಪಾಸ್ ಹಾಕಿದ ಕ್ಷಣದಿಂದ ಆ ಪುಟಕ್ಕೆ ಕಾವಲೂ ಇಲ್ಲ, ಆಕ್ಸೆಸ್‌ನ ದಾಖಲೆಯೂ ಇಲ್ಲ. ಐದು ನಿಮಿಷಕ್ಕೆಂದು ತೆರೆದದ್ದು ಊಟದ ಹೊತ್ತಿಗೆ ಮರೆತುಹೋಗುತ್ತದೆ. ಪರೀಕ್ಷೆ ಬೇಕಾದರೆ ನಿಮ್ಮ ಒಂದೇ ಇಮೇಲ್ ಇರುವ ಬೇರೆ ನಿಯಮ ಮಾಡಿ.

## ಲಕ್ಷಣ: ಪುಟ ಸುತ್ತುತ್ತಲೇ ಇರುತ್ತದೆ

ಲಾಗಿನ್, ಮತ್ತೆ ಲಾಗಿನ್, ಕೊನೆಗೆ "ಮರುನಿರ್ದೇಶನ ಹೆಚ್ಚಾಯಿತು" ಎಂಬ ದೂರು. ಒಬ್ಬರಿಗೆ ಮಾತ್ರ ಆದರೆ ಕುಕಿ. ಬ್ರೌಸರ್ ಅದನ್ನು ಉಳಿಸಿಕೊಳ್ಳುತ್ತಿಲ್ಲ, ಹಾಗಾಗಿ ಕಾವಲಿಗೆ ಪ್ರತಿ ಸಲವೂ ಇವರು ಹೊಸಬರು. ಎಲ್ಲರಿಗೂ ಆದರೆ ಅಪ್ಲಿಕೇಶನ್ ಮತ್ತು ಅಂಚಿನ ನಡುವೆ ಜಗಳ. ಟನಲ್ ಒಳಗಡೆ ಅಪ್ಲಿಕೇಶನ್ ಅನ್ನು ಬೀಗವಿಲ್ಲದ ಎಚ್‌ಟಿಟಿಪಿಯಲ್ಲಿ ಕರೆಯುತ್ತದೆ, ಅಪ್ಲಿಕೇಶನ್ "ಬೀಗವಿರುವ ಎಚ್‌ಟಿಟಿಪಿಎಸ್‌ನಲ್ಲಿ ಬಾ" ಎಂದು ವಾಪಸು ಕಳುಹಿಸುತ್ತದೆ, ಬ್ರೌಸರ್ ಈಗಾಗಲೇ ಎಚ್‌ಟಿಟಿಪಿಎಸ್‌ನಲ್ಲೇ ಇರುವುದರಿಂದ ಚಕ್ರ ನಿಲ್ಲುವುದಿಲ್ಲ. ಮುಂದೆ ಪ್ರಾಕ್ಸಿ, ಅಂದರೆ ನಡುವಿನ ಮಧ್ಯವರ್ತಿ, ಇದೆ ಎಂದು ಅಪ್ಲಿಕೇಶನ್‌ಗೆ ತಿಳಿಸುವ ಸೆಟ್ಟಿಂಗ್ ಇರುತ್ತದೆ. ಅದನ್ನು ಹಾಕಿ, ಮೂಲ ವಿಳಾಸವೆಂದು ಹೊರಗಿನ ಹೆಸರನ್ನೇ ಕೊಡಿ.

## ಲಕ್ಷಣ: 1033 ಅಥವಾ 502

ಇವೆರಡನ್ನು ಒಂದೇ ಎಂದುಕೊಂಡು ಅರ್ಧ ದಿನ ಕಳೆಯುವವರಿದ್ದಾರೆ. 1033 ಎಂದರೆ ಅಂಚಿಗೆ ನಿಮ್ಮ ಟನಲ್ ಕಾಣಿಸುತ್ತಲೇ ಇಲ್ಲ. 502 ಸಾಮಾನ್ಯವಾಗಿ ಹೇಳುವುದು, ಟನಲ್ ಇದೆ, ಅದರ ಒಳತುದಿಯಲ್ಲಿ ಅಪ್ಲಿಕೇಶನ್ ಉತ್ತರಿಸುತ್ತಿಲ್ಲ ಎಂದು. ಮೊದಲನೆಯದಕ್ಕೆ ಅಪ್ಲಿಕೇಶನ್ ಮರುಆರಂಭಿಸಿ ಪ್ರಯೋಜನವಿಲ್ಲ, ಎರಡನೆಯದಕ್ಕೆ ಟನಲ್ ಮರುಆರಂಭಿಸಿ ಪ್ರಯೋಜನವಿಲ್ಲ.

1033 ಬಂದಾಗ ಮೊದಲು ಅತಿ ಸರಳವಾದದ್ದು: ಯಂತ್ರ ಆನ್ ಇದೆಯೇ, ಅದಕ್ಕೆ ಇಂಟರ್ನೆಟ್ ಇದೆಯೇ, ಟನಲ್ ಹಿಡಿದಿರುವ ಕ್ಲೌಡ್‌ಫ್ಲೇರ್‌ಡಿ ಎಂಬ ಪ್ರೋಗ್ರಾಂ ನಡೆಯುತ್ತಿದೆಯೇ. ಕರೆಂಟು ಹೋಗಿ ಬಂದ ಮೇಲೆ ಅದು ತಾನಾಗಿ ಏಳಬೇಕಾದರೆ ಅದನ್ನು ಸೇವೆಯಾಗಿ ಅಳವಡಿಸಿರಬೇಕು. ಯಾರೋ ಕಮಾಂಡ್ ಬರೆಯುವ ಕಪ್ಪು ಕಿಟಕಿಯಲ್ಲಿ ಕೈಯಿಂದ ಆರಂಭಿಸಿ ಬಿಟ್ಟಿದ್ದರೆ, ಆ ಕಿಟಕಿ ಮುಚ್ಚಿದೊಡನೆ ಟನಲ್ ಹೋಯಿತು.

ಪ್ರೋಗ್ರಾಂ ನಡೆಯುತ್ತಿದ್ದೂ ಸಂಪರ್ಕವಿಲ್ಲದಿದ್ದರೆ ಅದರ ಲಾಗ್ ಓದಿ. ಅದು ಹೊರಕ್ಕೆ ಹೋಗುವುದು 7844ನೇ ಪೋರ್ಟ್‌ನಲ್ಲಿ (ಪೋರ್ಟ್ ಎಂದರೆ ಯಂತ್ರದ ಸಂಖ್ಯೆ ಹಾಕಿದ ಕಿಂಡಿ). ಟನಲ್ ಸಂಪರ್ಕದ ಎರಡು ವಿಧಾನಗಳಲ್ಲಿ ಕ್ವಿಕ್ ಎಂಬುದಕ್ಕೆ ಯುಡಿಪಿ ಬಗೆಯ ಸಂಚಾರ ಬೇಕು; ಜಾಲದ ಸಂಚಾರವನ್ನು ಸೋಸುವ ಫೈರ್‌ವಾಲ್ ಯುಡಿಪಿ ತಡೆಯುತ್ತಿದ್ದರೆ ಎಚ್‌ಟಿಟಿಪಿ2 ವಿಧಾನಕ್ಕೆ ಬದಲಿಸಿ, ಅದು ಅದೇ ಪೋರ್ಟ್‌ನಲ್ಲಿ ಟಿಸಿಪಿ ಎಂಬ ಇನ್ನೊಂದು ಬಗೆಯಲ್ಲಿ ಹೋಗುತ್ತದೆ. ಹೊಸ ರೌಟರ್ ಹಾಕಿದ ಮರುದಿನ ಬರುವ ದೋಷ ಹೆಚ್ಚಾಗಿ ಇದು. ಒಳಕ್ಕೆ ಬರುವ ಯಾವ ಪೋರ್ಟನ್ನೂ ತೆರೆಯುವ ಅಗತ್ಯವಿಲ್ಲ. ಯಾರಾದರೂ ತೆರೆಯಿರಿ ಎಂದು ಸಲಹೆ ಕೊಟ್ಟರೆ ಕೇಳಬೇಡಿ.

ಒಂದು ಸೋಮವಾರ ಪೀಣ್ಯದ ಸಣ್ಣ ಕಾರ್ಖಾನೆಯಿಂದ ಕರೆ ಬಂತು. ಭಾನುವಾರ ರಾತ್ರಿಯೆಲ್ಲ ಕರೆಂಟಿಲ್ಲದೆ ಯುಪಿಎಸ್ ಬರಿದಾಗಿತ್ತು. ಈಗ ಯಂತ್ರ ಆನ್, ಇಂಟರ್ನೆಟ್ ಇದೆ, ಪ್ರೋಗ್ರಾಂ ನಡೆಯುತ್ತಿದೆ, ಆದರೂ 1033. ಹೋಗಿ ಲಾಗ್ ತೆರೆದೆ. ಪ್ರಮಾಣಪತ್ರದ (ಸರ್ವರ್ ತನ್ನ ಗುರುತಿಗೆ ತೋರಿಸುವ ಡಿಜಿಟಲ್ ಪತ್ರ) ಅವಧಿ ಇನ್ನೂ ಆರಂಭವಾಗಿಲ್ಲ ಎಂಬ ಸಾಲು ಹತ್ತಾರು ಬಾರಿ ಇತ್ತು. ಆ ಸಾಲುಗಳ ಎಡಗಡೆಯ ದಿನಾಂಕದತ್ತ ಕಣ್ಣು ಹೋದದ್ದು ತಡವಾಗಿ: 2015ರ ಜನವರಿ 1. ಹತ್ತು ವರ್ಷ ಹಳೆಯ ಆ ಯಂತ್ರದ ಮದರ್‌ಬೋರ್ಡ್‌ನ ನಾಣ್ಯದಾಕಾರದ ಬ್ಯಾಟರಿ ಸತ್ತಿತ್ತು. ಕರೆಂಟು ಇರುವವರೆಗೆ ಅದು ಯಾರಿಗೂ ತಿಳಿದಿರಲಿಲ್ಲ. ಗಡಿಯಾರ ಹಿಂದಕ್ಕೆ ಹೋದ ಯಂತ್ರಕ್ಕೆ ಇಂದಿನ ಪ್ರಮಾಣಪತ್ರಗಳೆಲ್ಲ ಭವಿಷ್ಯದವು, ಆದ್ದರಿಂದ ಯಾರನ್ನೂ ನಂಬಲಿಲ್ಲ. ವಿಂಡೋಸ್ ತಾನಾಗಿ ಸಮಯ ಸರಿಪಡಿಸಿಕೊಳ್ಳಬಾರದಿತ್ತೇ ಎಂದರೆ, ವಿಂಡೋಸ್ ಡೊಮೈನ್‌ಗೆ, ಅಂದರೆ ಕಚೇರಿ ಒಟ್ಟಾಗಿ ನಿರ್ವಹಿಸುವ ಯಂತ್ರಗಳ ಗುಂಪಿಗೆ, ಸೇರದ ಯಂತ್ರದಲ್ಲಿ ಆ ಸೇವೆಗೆ 15 ಗಂಟೆಗಳ ಮಿತಿ ಇರುತ್ತದೆ. ಅಂತರ ಅದಕ್ಕಿಂತ ದೊಡ್ಡದಾದರೆ ತಿದ್ದುವುದಿಲ್ಲ.

ಸಮಯವನ್ನು ಕೈಯಿಂದ ಸರಿಪಡಿಸಿದೊಡನೆ ಟನಲ್ ಎದ್ದು ಕುಳಿತಿತು. ಸಂಜೆ ಎಲ್ಲರೂ ಹೋದ ಮೇಲೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು, ಮುಚ್ಚಳ ತೆಗೆದು ಸಿಆರ್2032 ಬ್ಯಾಟರಿ ಬದಲಿಸಿದೆ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಈ ಕೆಲಸಕ್ಕೆ ಮೊದಲು ಅದರ ರಿಕವರಿ ಕೀಲಿ ಕೈಯಲ್ಲಿರಲಿ. ಬ್ಯಾಟರಿ ತೆಗೆದ ಮೇಲೆ ಯಂತ್ರ ಅದನ್ನು ಕೇಳಬಹುದು. ಆ ದಿನದಿಂದ ನಾನು ಯಾವ ಲಾಗ್ ತೆರೆದರೂ ಮೊದಲು ದಿನಾಂಕ ಓದುತ್ತೇನೆ.

ಇನ್ನು 502. ಅದೇ ಯಂತ್ರದಲ್ಲಿ ಕುಳಿತು ಬ್ರೌಸರ್‌ನಲ್ಲಿ ಅಪ್ಲಿಕೇಶನ್‌ನ ಒಳ ವಿಳಾಸವನ್ನು ತೆರೆಯಿರಿ. ತೆರೆಯದಿದ್ದರೆ ಅಪ್ಲಿಕೇಶನ್ ನಿಂತಿದೆ, ದೋಷ ಅಲ್ಲಿಯದು. ತೆರೆದರೆ ಟನಲ್‌ಗೆ ಕೊಟ್ಟ ವಿಳಾಸ ಮತ್ತು ಪೋರ್ಟ್ ಅದೇ ಇದೆಯೇ ಹೋಲಿಸಿ. ಲೋಕಲ್‌ಹೋಸ್ಟ್ (ಅಂದರೆ ಇದೇ ಯಂತ್ರ) ಎಂದು ಬರೆದಿದ್ದರೆ ಅದನ್ನು 127.0.0.1 ಎಂದು ಬದಲಿಸಿ ನೋಡಿ. ಆ ಹೆಸರು ಕೆಲವೊಮ್ಮೆ ಐಪಿವಿ6 ಎಂಬ ಹೊಸ ಬಗೆಯ ವಿಳಾಸಕ್ಕೆ ಹೋಗುತ್ತದೆ, ಅಪ್ಲಿಕೇಶನ್ ಮಾತ್ರ ಹಳೆಯ ಐಪಿವಿ4ರಲ್ಲಿ ಕಿವಿಗೊಟ್ಟು ಕುಳಿತಿರುತ್ತದೆ.

ಒಳಗಿನ ಅಪ್ಲಿಕೇಶನ್ ತಾನೇ ಮಾಡಿಕೊಂಡ ಪ್ರಮಾಣಪತ್ರ ಬಳಸುತ್ತಿದ್ದರೆ, ಅದನ್ನು ಯಾರು ಕೊಟ್ಟರೋ ಗೊತ್ತಿಲ್ಲ ಎಂದು ಟನಲ್ ದೂರುತ್ತದೆ. ಪರಿಶೀಲನೆಯನ್ನೇ ನಿಲ್ಲಿಸುವ ಗುಂಡಿ ಇದೆ. ಅಪ್ಲಿಕೇಶನ್ ಮತ್ತು ಟನಲ್ ಒಂದೇ ಯಂತ್ರದಲ್ಲಿದ್ದರೆ ಅದರಿಂದ ಹೆಚ್ಚು ಅಪಾಯವಿಲ್ಲ; ಬೇರೆ ಬೇರೆ ಯಂತ್ರದಲ್ಲಿದ್ದರೆ ನಿಲ್ಲಿಸಬೇಡಿ, ಆ ಪ್ರಮಾಣಪತ್ರವನ್ನು ಗುರುತಿಸುವಂತೆ ಟನಲ್‌ಗೆ ತಿಳಿಸಿ.

## ಲಕ್ಷಣ: ಪುಟ ತೆರೆಯುತ್ತದೆ, ಏನೋ ಒಂದು ನಡೆಯುವುದಿಲ್ಲ

ದೊಡ್ಡ ಕಡತ ಹೋಗದೆ 413 ಎಂಬ ದೋಷ ಬಂದರೆ, ಕ್ಲೌಡ್‌ಫ್ಲೇರ್‌ನ ಉಚಿತ ಯೋಜನೆಯಲ್ಲಿ ಒಂದು ಅಪ್‌ಲೋಡ್‌ಗೆ 100 ಎಂಬಿ ಮಿತಿ ಇದೆ ಎಂಬುದು ನೆನಪಿರಲಿ. ಕಚೇರಿಯಲ್ಲಿ ಚಿತ್ರಗಳು ಕಾಣಿಸಿ ಮನೆಯಲ್ಲಿ ಕಾಣಿಸದಿದ್ದರೆ ಅಪ್ಲಿಕೇಶನ್‌ನೊಳಗೆ ಕಚೇರಿಯೊಳಗೆ ಮಾತ್ರ ನಡೆಯುವ, 192.168ರಿಂದ ಆರಂಭವಾಗುವ ವಿಳಾಸ ಬರೆದಿದೆ ಎಂದರ್ಥ.

ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟ್ ಇದ್ದಕ್ಕಿದ್ದಂತೆ ಕೆಟ್ಟು, ದತ್ತಾಂಶದ ಬದಲು ಲಾಗಿನ್ ಪುಟದ ಎಚ್‌ಟಿಎಂಎಲ್ ತಂದುಕೊಂಡಿದ್ದರೆ, ಕಾವಲು ಅದನ್ನು ಮನುಷ್ಯನೆಂದು ತಿಳಿದು ಗುರುತು ಕೇಳಿದೆ. ಯಂತ್ರಗಳಿಗೆ ಸರ್ವಿಸ್ ಟೋಕನ್, ಅಂದರೆ ಲಾಗಿನ್ ಬದಲಿಗೆ ತೋರಿಸುವ ರಹಸ್ಯ ಕೀಲಿ, ಬೇಕು, ಜತೆಗೆ ಅದನ್ನು ಒಪ್ಪುವ ಸರ್ವಿಸ್ ಅಥ್ ನಿಯಮವೂ ಬೇಕು. ನಿನ್ನೆಯವರೆಗೆ ನಡೆದಿದ್ದರೆ ಟೋಕನ್‌ನ ಅವಧಿ ಮುಗಿದಿರಬೇಕು.

## ಲಕ್ಷಣ: ಕೇಳದೆಯೇ ತೆರೆದುಕೊಳ್ಳುತ್ತದೆ

ಇದಕ್ಕೆ ಯಾರೂ ಫೋನ್ ಮಾಡುವುದಿಲ್ಲ. "ಈಗ ಲಾಗಿನ್ ಕೂಡ ಕೇಳುವುದಿಲ್ಲ, ಬಹಳ ಸಲೀಸು" ಎಂದು ಖುಷಿಯಿಂದ ಹೇಳುತ್ತಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಲಕ್ಷಣ ಇದೇ.

ಕಾರಣ ಮುಗ್ಧವೂ ಇರಬಹುದು: ಒಮ್ಮೆ ಗುರುತು ಕೊಟ್ಟರೆ ಮೂಲ ಸೆಟ್ಟಿಂಗ್‌ನಲ್ಲಿ 24 ಗಂಟೆ ಮತ್ತೆ ಕೇಳುವುದಿಲ್ಲ. ಆದ್ದರಿಂದ ಖಾಸಗಿ ಕಿಟಕಿಯಲ್ಲಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಆಗಲೂ ಕೇಳದಿದ್ದರೆ ಎಲ್ಲೋ ಬೈಪಾಸ್ ನಿಯಮ ಉಳಿದಿದೆ, ಅಥವಾ ಅಪ್ಲಿಕೇಶನ್‌ನ ಒಂದು ದಾರಿಗೆ ಮಾತ್ರ ಕಾವಲಿದ್ದು ಉಳಿದವು ತೆರೆದಿವೆ.

ಆಮೇಲೆ ಹಿತ್ತಿಲ ಬಾಗಿಲು. ಟನಲ್ ಬರುವ ಮೊದಲು ರೌಟರ್‌ನಲ್ಲಿ ಮಾಡಿದ್ದ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನವರನ್ನು ನೇರವಾಗಿ ಒಳಗಿನ ಯಂತ್ರಕ್ಕೆ ಬಿಡುವ ಸಾಲು) ಇನ್ನೂ ಇದೆಯೇ? ಮೊಬೈಲ್ ಡೇಟಾದಲ್ಲಿ ಕಚೇರಿಯ ಸಾರ್ವಜನಿಕ ಐಪಿಯನ್ನೂ ಹಳೆಯ ಪೋರ್ಟನ್ನೂ ಹೊಡೆದು ನೋಡಿ. ಪುಟ ಬಂದರೆ ಮುಂದೆ ಹಾಕಿದ ಬೀಗಕ್ಕೆ ಅರ್ಥವಿಲ್ಲ. ಕೂಡಲೇ ಆ ಸಾಲನ್ನು ಅಳಿಸಿ. ಕಾವಲು ಪ್ರತಿ ಕೋರಿಕೆಯ ಜತೆ ಸಹಿ ಮಾಡಿದ ಟೋಕನ್ ಕಳುಹಿಸುತ್ತದೆ. ಸಾಧ್ಯವಾದರೆ ಅಪ್ಲಿಕೇಶನ್ ಕೂಡ ಅದನ್ನು ಪರಿಶೀಲಿಸಲಿ. ಕೆಲಸ ಬಿಟ್ಟವರ ಇಮೇಲ್ ಅನ್ನು ಪಟ್ಟಿಯಿಂದ ತೆಗೆದರೆ ಸಾಲದು, ಅವರ ನಡೆಯುತ್ತಿರುವ ಸೆಷನ್ (ಈಗಾಗಲೇ ಆಗಿರುವ ಲಾಗಿನ್) ಅನ್ನೂ ರದ್ದುಪಡಿಸಿ.

## ಎಲ್ಲಿ ನಿಲ್ಲಬೇಕು

ಲಾಗ್‌ನಲ್ಲಿ ನಿಮ್ಮವರಲ್ಲದವರ ಯಶಸ್ವಿ ಪ್ರವೇಶ ಕಂಡರೆ, ಯಾರೂ ಬರೆಯದ ನಿಯಮ ಅಥವಾ ಗೊತ್ತಿಲ್ಲದ ಟನಲ್ ಕಂಡರೆ ಅಲ್ಲಿಗೆ ನಿಲ್ಲಿ. ಎಲ್ಲ ಸೆಷನ್ ರದ್ದುಪಡಿಸಿ, ಟೋಕನ್‌ಗಳನ್ನು ಬದಲಿಸಿ, ಯಂತ್ರವನ್ನು ಜಾಲದಿಂದ ಬಿಡಿಸಿ. ಆದರೆ ಫಾರ್ಮ್ಯಾಟ್ ಮಾಡಬೇಡಿ, ಲಾಗ್ ಅಳಿಸಬೇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಭದ್ರತೆಯ ಅನುಭವ ಇರುವವರನ್ನು ಆಗಲೇ ಕರೆಯಿರಿ.

ಸೇವಾ ಕಂಪನಿಯ ಸಹಾಯ ಕೇಳುವಾಗ ಅವರು ಬ್ರೌಸರ್ ಕಳುಹಿಸಿ ಪಡೆದದ್ದನ್ನೆಲ್ಲ ದಾಖಲಿಸುವ ಎಚ್‌ಎಆರ್ ಕಡತ ಕೇಳಬಹುದು. ಅದರೊಳಗೆ ನಿಮ್ಮ ಸೆಷನ್ ಕುಕಿಯೂ ಇರುತ್ತದೆ. 2023ರಲ್ಲಿ ಲಾಗಿನ್ ಸೇವೆ ಕೊಡುವ ಓಕ್ಟಾ ಕಂಪನಿಯ ಸಹಾಯ ವಿಭಾಗದ ವ್ಯವಸ್ಥೆಗೆ ನುಗ್ಗಿದವರು ಗ್ರಾಹಕರು ಕೊಟ್ಟಿದ್ದ ಇಂಥ ಕಡತಗಳಿಂದಲೇ ಸೆಷನ್ ಟೋಕನ್‌ಗಳನ್ನು ಕದ್ದಿದ್ದರು. ಕುಕಿ, ಟೋಕನ್‌ಗಳನ್ನು ತೆಗೆದು ಕಳುಹಿಸಿ, ಕಳುಹಿಸಿದ ಮೇಲೆ ಲಾಗೌಟ್ ಮಾಡಿ. ವಾಟ್ಸ್‌ಆ್ಯಪ್ ಗುಂಪಿಗಂತೂ ಹಾಕಲೇಬೇಡಿ.

ದೋಷದ ಪುಟದಲ್ಲಿ ಕಾಣುವ ರೇ ಐಡಿ ಎಂಬ ಉದ್ದನೆಯ ಗುರುತನ್ನು ಹಾಗೇ ನಕಲಿಸಿ ಕೊಡಿ. ಸಮಯವನ್ನು ಬರೆಯುವಾಗ ಅವರ ದಾಖಲೆಗಳು ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಇರುತ್ತವೆ ಎಂಬುದನ್ನು ಗಮನದಲ್ಲಿಡಿ. ನಮ್ಮ ಬೆಳಿಗ್ಗೆ ಒಂಬತ್ತೂವರೆಯ ದೋಷವನ್ನು ಅವರು ಹುಡುಕಬೇಕಾದದ್ದು ಬೆಳಗಿನ ಜಾವ ನಾಲ್ಕು ಗಂಟೆಯ ದಾಖಲೆಯಲ್ಲಿ.